ಹೊಲದಾಗ ಕಾಣದ ಕನಕಾಂಬರ

ಲಾಕ್‌ಡೌನಿನಲ್ಲಿ ಕೆಟ್ಟ ಹೂವಿನ ಬೆಳೆಗೆ ಸರ್ಕಾರ ಪರಿಹಾರ ಕೊಡುತ್ತೇವೆಂದಾಗ, ಕುರುಗೋಡು ಕಡೆಯ ಹೊಲಗಳ ಫೋಟೊ ತೆಗೆಯುವ ಕೆಲಸ ನನ್ನ ಪಾಲಿಗೆ ಬಂತು. ಫೋಟೊದಲ್ಲಿ ಹೂ ಕಾಣಲೇಬೇಕು ಅನ್ನುವುದು ನಿಯಮ. ಅದನ್ನು ಮಾಡಿದವರು ಯಾವ ಫ್ಯಾನಿನ ಕೆಳಗೆ ಕೂತಿದ್ದರೋ.

ಈರಮ್ಮನ ಹೊಲದಲ್ಲಿ ಆಗಲೇ ಜೋಳ ಮೊಳೆತಿತ್ತು.

"ಕನಕಾಂಬರ ಎಲ್ಲೈತಕ್ಕ?"

"ಮಾರ್ಕೆಟ್ ಬಂದ್ ಮಾಡಿದ್ರಿ. ಗಿಡದಾಗ ಒಣಗಿದ್ವು, ಕಿತ್ತು ಹಾಕಿದ್ವಿ."

"ಹೂ ಕಾಣಲಿಲ್ಲಂದ್ರ ಬೆಳಿ ಇಲ್ಲಂತ ಹಾಕಬೇಕಾಗ್ತೈತಿ."

"ಹೂ ಉಳಿದಿದ್ರ ನಿಮ್ಮ ಪರಿಹಾರ ಯಾಕ ಬೇಕಿತ್ತವ್ವ?"

ನಾನು ತಲೆ ತಗ್ಗಿಸಿಕೊಂಡು ಮೊಬೈಲಿನಲ್ಲಿ 'ಬೆಳೆ ಇಲ್ಲ' ಒತ್ತಿದೆ.

ಆದರೂ ಆಕೆ ನನ್ನನ್ನು ಮನೆಗೆ ಕರೆದು ಕುಂಕುಮ ಕೊಟ್ಟಳು. ಗಿಡ ಕೀಳುವಾಗ ಮನಸ್ಸು ತಡೆಯದೆ ಒಂದನ್ನು ತಂದು ಹಿತ್ತಲಲ್ಲಿ ನೆಟ್ಟಿದ್ದಳಂತೆ. ಅದರ ಹೂ ಕಟ್ಟಿ ನನ್ನ ಜಡೆಗೆ ಮುಡಿಸಿದಳು.

"ಮನಿಗೆ ಬಂದ ಹೆಣ್ಮಗಳು ಬರೇ ತಲೀಲೆ ಹೋಗಬಾರ್ದು."

ಬಳ್ಳಾರಿಯ ಆಫೀಸಿನಲ್ಲಿ ಸಾಹೇಬರು ನನ್ನ ವರದಿಗೆ ಸಹಿ ಹಾಕುತ್ತಾ ತಲೆ ಎತ್ತಿದರು.

"ಹೂ ಭಾಳ ಛಂದ ಅದಾವಲ್ಲ, ಎಲ್ಲಿವು?"

"ಬೆಳಿ ಇಲ್ಲಂತ ಈಗ ಸಹಿ ಹಾಕಾಕತ್ತೀರಲ್ಲ ಸರ್, ಆ ಹೊಲದವು."

"ಹೌದಾ," ಎಂದು ಸಾಹೇಬರು ಸಹಿ ಪೂರ್ತಿ ಮಾಡಿದರು.