ಸ್ವೀಡನ್ ಹಾಡಿಗೆ ಅಮ್ಮನ ಚೀಟಿ

ಹೊಸ ಹಾಡುಗಳು ರಟ್ಟಿನ ಪೆಟ್ಟಿಗೆಯಲ್ಲಿ ಬರುತ್ತಿದ್ದ ಕಾಲ ಅದು. ಕ್ಯಾಸೆಟ್ಟಿಗೆ ಪೆನ್ಸಿಲ್ ಸಿಕ್ಕಿಸಿ ರೀಲು ಸುತ್ತಿದವರಿಗೆ ನನ್ನ ಮಾತು ಬೇಗ ತಿಳಿಯುತ್ತದೆ. ಹಾಡು ತಾನಾಗಿ ಗಾಳಿಯಲ್ಲಿ ಬರುತ್ತಿರಲಿಲ್ಲ, ಯಾರಾದರೂ ಹೊತ್ತು ತರಬೇಕಿತ್ತು. ನಮ್ಮ ಮನೆಗೆ ಹೊತ್ತು ತರುತ್ತಿದ್ದವಳು ಅಮ್ಮ. ಅದೂ ಸ್ವೀಡನ್ ದೇಶದ ಹಾಡು. ಮಂಡ್ಯದ ಹತ್ತಿರದ ಹಳ್ಳಿಯ ಜಯಮ್ಮನಿಗೂ ಸ್ವೀಡನ್ನಿಗೂ ಎತ್ತಣಿಂದೆತ್ತ ಸಂಬಂಧ ಎಂದು ಅಪ್ಪ ಆಗಲೇ ನಗುತ್ತಿದ್ದ.

ನಾವಿದ್ದದ್ದು ಅಮೆರಿಕದ ಹೇವರ್ಡಿನಲ್ಲಿ, ಫ್ರೀವೇ ಸದ್ದು ಹಗಲಿಡೀ ಕೇಳುವ ಎರಡು ಕೋಣೆಯ ಅಪಾರ್ಟ್‌ಮೆಂಟಿನಲ್ಲಿ. ಸೋದರಮಾವ ಕರೆಸಿಕೊಂಡಿದ್ದರಿಂದ ಬಂದವರು ನಾವು. ಅಪ್ಪನಿಗೆ ಲೇತ್ ಮೆಷಿನ್ನಿನ ಕೆಲಸ. ಅಮ್ಮ ಇಂಟರ್‌ನೆಟ್ಟಿನಲ್ಲಿ ಸೀಡಿ ಮಾರುವ ಒಂದು ಕಂಪನಿಯ ಗೋದಾಮಿನಲ್ಲಿ ಪ್ಯಾಕಿಂಗು ಮಾಡುತ್ತಿದ್ದಳು. ನಾಯಿಯ ಊಟದಿಂದ ಹಿಡಿದು ಮದುವೆಯ ಹೂವಿನವರೆಗೆ ಎಲ್ಲವನ್ನೂ ಇಂಟರ್‌ನೆಟ್ಟಿನಲ್ಲೇ ಮಾರುತ್ತೇವೆಂದು ಜನ ಹೊರಟಿದ್ದ ವರ್ಷಗಳವು. ನನಗೆ ಹನ್ನೊಂದು. ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ ನಾನು.

ಆ ಕಂಪನಿಗೆ ಸ್ವೀಡನ್ನಿನಿಂದ ಹೊಸ ಸೀಡಿಗಳು ಬರತೊಡಗಿದವು. ಇಂಡಿ, ಫೋಕ್, ಪಾಪ್ ಎಂದು ಮೂರು ಜಾತಿ. ಪ್ರತಿಯೊಂದಕ್ಕೂ ಇದು ಎಂಥ ಹಾಡು ಎಂದು ಎರಡು ಸಾಲು ಬರೆದು ವೆಬ್‌ಸೈಟಿಗೆ ಹಾಕಬೇಕು. ಬರೆಯುತ್ತಿದ್ದ ಇಬ್ಬರು ಹುಡುಗರು ಸ್ಯಾನ್ ಫ್ರಾನ್ಸಿಸ್ಕೋದ ಯಾವುದೋ ಸ್ಟಾರ್ಟಪ್ಪಿಗೆ ಹಾರಿಹೋದರು. ಒಂದು ದಿನ ಲಂಚ್ ಹೊತ್ತಿನಲ್ಲಿ ಅಮ್ಮ ಮಾದರಿಗೆಂದು ಬಂದ ಸೀಡಿಯೊಂದನ್ನು ಹೆಡ್‌ಫೋನಿನಲ್ಲಿ ಕೇಳುತ್ತ ಕೂತಿದ್ದಾಗ ಮೇಲ್ವಿಚಾರಕಿ ಕ್ಯಾರಲ್ ಬಂದು, ಹೇಗಿದೆ ಎಂದು ಸುಮ್ಮನೆ ಕೇಳಿದಳಂತೆ. ಅಮ್ಮ ತನಗೆ ಬಂದಷ್ಟು ಇಂಗ್ಲಿಷಿನಲ್ಲಿ, "ಗ್ರಾಂಡ್‌ಮದರ್ ಆ್ಯಂಗ್ರಿ. ಬಟ್ ಮೇಕಿಂಗ್ ಕಾಫಿ" ಅಂದಳಂತೆ. ಕ್ಯಾರಲ್ ಬಿದ್ದು ಬಿದ್ದು ನಕ್ಕು, ಆಮೇಲೆ ತಾನೂ ಹೆಡ್‌ಫೋನ್ ಹಾಕಿಕೊಂಡು ಕೇಳಿ, ನಗು ನಿಲ್ಲಿಸಿ, "ಯೂ ಆರ್ ರೈಟ್, ಜಯಾ" ಅಂದಳಂತೆ. ಮುಂದಿನ ವಾರದಿಂದ ಅಮ್ಮನಿಗೆ ಪ್ಯಾಕಿಂಗಿನಿಂದ ಬಿಡುಗಡೆ. ಗೋದಾಮಿನ ಮೂಲೆಯಲ್ಲಿ ಅವಳಿಗೆಂದೇ ಒಂದು ಮೇಜು, ಒಂದು ತಿರುಗುವ ಕುರ್ಚಿ. ಹುಟ್ಟಿದಾಗಿನಿಂದ ನಿಂತೇ ದುಡಿದಿದ್ದ ಅಮ್ಮ ಆ ಕುರ್ಚಿಯ ಬಗ್ಗೆ ವಾರಗಟ್ಟಲೆ ಮಾತಾಡಿದಳು.

"ಕೂತ್ಕಂಡು ಹಾಡ್ ಕೇಳಕ್ಕೆ ಸಂಬ್ಳ ಕೊಡ್ತಾರೆ ಅಂದ್ರೆ ಊರಲ್ಲಿ ಯಾರ್ ನಂಬ್ತಾರೆ?" ಅನ್ನುತ್ತಿದ್ದಳು.

"ನಿಮ್ಮಮ್ಮ ಈಗ ಸ್ವೀಡನ್ ಪಟೇಲ್ತಿ ಕಣಮ್ಮ. ಮಾತಾಡ್ಸಕ್ ಮುಂಚೆ ಅಪಾಯಿಂಟ್‌ಮೆಂಟು ತಗಬೇಕು" ಎಂದು ಅಪ್ಪ ಅಣಕಿಸುತ್ತಿದ್ದ.

ಇಂಗ್ಲಿಷ್ ಬರೆಯುವುದು ಮಾತ್ರ ಅಮ್ಮನಿಗೆ ಕಷ್ಟವಾಗಿತ್ತು. ಹಾಗಾಗಿ ಶುಕ್ರವಾರ ಹತ್ತು ಹನ್ನೆರಡು ಸೀಡಿಗಳನ್ನು ಮನೆಗೆ ತರುವಳು. ಶನಿವಾರ ಅವಳು ಹೇಳುವುದು, ನಾನು ಚೀಟಿಯಲ್ಲಿ ಬರೆಯುವುದು. ಸೋಮವಾರ ಚೀಟಿಗಳು ಕ್ಯಾರಲ್ ಕೈಗೆ.

ಆ ಶನಿವಾರಗಳ ಸುಖವನ್ನು ಹೇಗೆ ಹೇಳಲಿ! ಸೀಡಿಯ ಡಬ್ಬಿ ತೆರೆದ ಕೂಡಲೇ ಹೊಸ ಪ್ಲಾಸ್ಟಿಕ್ಕು, ಹೊಸ ಶಾಯಿಯ ವಾಸನೆ. ಒಲೆಯ ಮೇಲಿನ ಹುರುಳಿ ಬಸ್ಸಾರಿನ ಘಮ ಅದರ ಜೊತೆ ಬೆರೆಯುತ್ತಿತ್ತು. ನನ್ನ ಪಾಲಿಗೆ ಸ್ವೀಡನ್ ಎಂದರೆ ಇಂದಿಗೂ ಬಸ್ಸಾರಿನ ವಾಸನೆಯ ದೇಶ. ಇದ್ದದ್ದು ಒಂದೇ ಹೆಡ್‌ಫೋನು. ಅದನ್ನು ಅಗಲಿಸಿ ಒಂದು ಕಡೆಗೆ ಅವಳ ಕಿವಿ, ಇನ್ನೊಂದು ಕಡೆಗೆ ನನ್ನ ಕಿವಿ. ಅವಳ ತಲೆಯ ಹರಳೆಣ್ಣೆ ನನ್ನ ಕೆನ್ನೆಗೆ ಅಂಟುತ್ತಿತ್ತು. ಡಬ್ಬಿಯ ಹೊದಿಕೆಯ ಮೇಲಿನ ಚಿತ್ರವನ್ನು ಮೊದಲು ನೋಡಬಾರದು, ಅದೇ ಆಟ. ಹಾಡುವವರಿಗೆ ವಯಸ್ಸೆಷ್ಟು, ಮದುವೆಯಾಗಿದೆಯೇ, ಹೊರಗೆ ಬಿಸಿಲೋ ಮಳೆಯೋ, ಎಲ್ಲವನ್ನೂ ಕಿವಿಯಲ್ಲೇ ಕಂಡುಹಿಡಿಯಬೇಕು. ಆಮೇಲೆ ಹೊದಿಕೆ ತಿರುಗಿಸಿ ನೋಡುವುದು. ಗೆದ್ದವರಿಗೆ ಒಂದು ಕೋಡುಬಳೆ.

ಒಂದರ ಹೊದಿಕೆಯಲ್ಲಿ ಕೀಲಿಗಳಿರುವ ಉದ್ದನೆಯ ವಾದ್ಯವನ್ನು ಕಂಡು, "ಪಿಟೀಲಿಗೂ ಹಾರ್ಮೋನಿಯಂಗೂ ಹುಟ್ಟಿದ ಕೂಸು" ಅಂದಳು ಅಮ್ಮ. ಸ್ವೀಡನ್ನಿನವರ ಅಕ್ಷರಗಳ ನೆತ್ತಿಯ ಮೇಲೆ ಸೊನ್ನೆ, ಚುಕ್ಕಿಗಳನ್ನು ಕಂಡು, "ಪಾಪ, ಇವ್ರ್ ಮಕ್ಳಿಗೂ ಕಾಗುಣಿತ ಕಷ್ಟನೇ" ಎಂದು ಮರುಗಿದಳು.

"ಇಂಡಿ ಅಂದ್ರೇನ್ ಮಗ?"

"ಬಿಗ್ ಕಂಪನಿ ಇಲ್ದೆ, ದೆ ಡೂ ಇಟ್ ದೆಮ್‌ಸೆಲ್ವ್ಸ್, ಅಮ್ಮ."

"ಹಂಗಾದ್ರೆ ನಮ್ಮೂರಲ್ಲಿ ಎಲ್ರೂ ಇಂಡಿನೇ ಬುಡು" ಅಂದಳು.

ಅವಳ ಜಾತಿಗಳೇ ಬೇರೆ. ಬೀಸೋ ಪದ, ನಾಟಿ ಪದ, ಸೋಬಾನೆ, ಲಾಲಿ. ಸ್ವೀಡನ್ನಿನ ಯಾವ ಹಾಡು ಬಂದರೂ ಇವುಗಳಲ್ಲೊಂದಕ್ಕೆ ಸೇರಿಸುವಳು. ಕುಣಿಸುವ ಪಾಪ್ ಹಾಡನ್ನು ಕೇಳಿ, "ಇದು ಟೆಂಪೋದಲ್ಲಿ ದಿಬ್ಬಣ ಹೋಗೋವಾಗಿಂದು. ಹೆಣ್ಣಿನ ಕಡೆಯವ್ರು ಹಿಂದ್ಲ ಟೆಂಪೋದಲ್ಲವ್ರೆ" ಅಂದಳು. ಗಿಟಾರು ಹಿಡಿದು ಗುನುಗುವ ಒಬ್ಬ ಹುಡುಗನ ಸೀಡಿಗೆ ಅವಳು ಹೇಳಿ ಬರೆಸಿದ ಚೀಟಿ ಹೀಗಿತ್ತು: 'ಈ ಹುಡುಗನಿಗೆ ಊಟ ಸೇರುತ್ತಿಲ್ಲ. ಕಾರಣ ಅವನ ತಾಯಿಗೆ ಗೊತ್ತಿದೆ, ಅವನಿಗಿನ್ನೂ ಗೊತ್ತಿಲ್ಲ.' ಅದನ್ನು ಓದಿದ ಗಿರಾಕಿಗಳು ಇನ್ನೂ ಇಂಥ ಚೀಟಿಗಳಿವೆಯೇ ಎಂದು ಕೇಳಿ ಮೇಲ್ ಮಾಡಿದರಂತೆ. ಅಮ್ಮನ ಕಾಲು ನೆಲದ ಮೇಲಿರಲಿಲ್ಲ.

ಅಂಥ ಒಂದು ಶನಿವಾರ ಆ ಫೋಕ್ ಸೀಡಿ ಬಂತು. ಮೂರನೆಯ ಹಾಡಿನಲ್ಲಿ ವಾದ್ಯವೇ ಇಲ್ಲ. ಒಬ್ಬ ಹೆಂಗಸಿನ ದನಿ ಮಾತ್ರ. ಎತ್ತರದಲ್ಲಿ ಶುರುವಾಗಿ ನಿಧಾನವಾಗಿ ಕೆಳಗಿಳಿದು, ತಡೆದು, ಮತ್ತೆ ಎತ್ತರಕ್ಕೆ ಹೋಗುತ್ತಿತ್ತು. ದೂರದಲ್ಲಿ ಯಾರಿಗೋ ಕೇಳಲಿ ಎಂಬಂತಿತ್ತು. ಮುದ್ದೆ ತಿರುವುತ್ತಿದ್ದ ಕೈ ತೊಳೆದು ಬಂದು ಕೂತಿದ್ದ ಅಮ್ಮ ಅಲುಗಾಡಲಿಲ್ಲ. ನೋಡಿದರೆ ಅವಳ ಕಣ್ಣಲ್ಲಿ ನೀರು.

"ಹೆಣ್ಣು ಒಪ್ಸೋ ಹಾಡು ಕಣ್ ಮಗ ಇದು" ಅಂದಳು. "ಮಗ್ಳು ಹೊಂಟೋದ್ಲು, ಅವ್ರವ್ವ ದಿಬ್ಬದ್ ಮ್ಯಾಲ್ ನಿಂತವ್ಳೆ."

ನಾನು ಹೊದಿಕೆ ತಿರುಗಿಸಿದೆ. ಹಸಿರು ಗುಡ್ಡದ ಮೇಲೆ ಬಾಯಿಗೆ ಕೈ ಅಡ್ಡ ಹಿಡಿದ ಒಬ್ಬ ಹೆಂಗಸು, ಸುತ್ತ ನಾಲ್ಕೈದು ಹಸುಗಳು. ಮದುಮಗಳಿಲ್ಲ, ಗಂಡಿಲ್ಲ, ಚರ್ಚಿಲ್ಲ.

"ಅಮ್ಮ, ದೇರ್ ಆರ್ ಓನ್ಲಿ ಕೌಸ್."

ಅಮ್ಮ ಹೊದಿಕೆಯನ್ನು ಕೈಗೆ ತಗೊಂಡು ಕಣ್ಣೊರೆಸಿಕೊಂಡಳು. ಅವಳ ಮುಖದಲ್ಲಿ ಗೆದ್ದ ಕಳೆ ಬಂತು. "ನೋಡ್ದಾ? ನಾನ್ ಹೇಳ್ನಿಲ್ವಾ? ಬಳುವಳಿ ಹಸ ಇವು. ತವರಿಂದ ಹೆಣ್ಣಿನ್ ಜತೆ ಕೊಟ್ಟು ಕಳುಸ್ತಾರೆ. ನಂಗೂ ಒಂದ್ ಕೊಟ್ಟಿದ್ರು, ಕೆಂದ ಹಸ. ನಿಮ್ಮಪ್ಪನ್ ಮನೆ ಕೊಟ್ಟಿಗೆಲಿ ಮೂರ್ ದಿನ ಅದೂ ಹುಲ್ ಮುಟ್ನಿಲ್ಲ, ನಾನೂ ಅನ್ನ ಮುಟ್ನಿಲ್ಲ."

ನನಗೆ ಅನುಮಾನವಿತ್ತು. ಸ್ವೀಡನ್ನಿನಲ್ಲಿ ಮಗಳ ಜೊತೆ ಹಸು ಕಳಿಸುತ್ತಾರೆಯೇ? ಹೊದಿಕೆಯ ಹಿಂದೆ ಸಣ್ಣ ಅಕ್ಷರದಲ್ಲಿ ಏನೋ ಇತ್ತು, ನನಗೆ ಬಾರದ ಭಾಷೆ. ಆದರೆ ಅಮ್ಮ ತನ್ನ ಮದುವೆಯ ಮಾತು ಆಡಿದ್ದೇ ಅಪರೂಪ. ಆ ಹಸುವಿನ ಬಗ್ಗೆ ಇನ್ನಷ್ಟು ಕೇಳುವ ಆಸೆಯಲ್ಲಿ ಅನುಮಾನವನ್ನು ನುಂಗಿಕೊಂಡೆ. ಚೀಟಿಯಲ್ಲಿ ದುಂಡಗೆ ಬರೆದೆ: 'ಮದುವೆಯ ಹಾಡು. ಮಗಳನ್ನು ಗಂಡನ ಮನೆಗೆ ಕಳಿಸುವಾಗ ತಾಯಿ ಹಾಡುವುದು.'

ಒಂದೂವರೆ ತಿಂಗಳ ಮೇಲೆ ಕ್ಯಾರಲ್ ಒಂದು ಮೇಲನ್ನು ಪ್ರಿಂಟು ತೆಗೆದು ಅಮ್ಮನ ಮೇಜಿನ ಮೇಲಿಟ್ಟಳು. ಅಜ್ಜನ ಕಾಲದಲ್ಲಿ ಸ್ವೀಡನ್ನಿನಿಂದ ಬಂದ ಮನೆತನದ ಒಬ್ಬ ಹೆಂಗಸು ಬರೆದದ್ದು. ಚೀಟಿ ಓದಿ, ಸೀಡಿ ಕೊಂಡು, ಮಗಳ ಮದುವೆಯಲ್ಲಿ ಮದುಮಗಳು ಹೊರಡುವ ಹೊತ್ತಿಗೆ ಸರಿಯಾಗಿ ಆ ಹಾಡು ಹಾಕಿಸಿದ್ದಾಳೆ. ಸ್ವೀಡನ್ನಿನಿಂದ ಬಂದಿದ್ದ ಮುದುಕರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗತೊಡಗಿದ್ದಾರೆ. ಅದು ಬೆಟ್ಟದ ಮೇಲೆ ಮೇಯಲು ಹೋದ ದನಗಳನ್ನು ಸಂಜೆ ಮನೆಗೆ ಕರೆಯುವ ಕೂಗಂತೆ. ಮದುಮಗಳು ಅತ್ತುಬಿಟ್ಟಳಂತೆ.

"ಐ ಲವ್ ಯುವರ್ ಕಾರ್ಡ್ಸ್, ಜಯಾ. ಆದರೆ ಇನ್ನೊಂದು ಸಲ ಹೀಗಾದರೆ ನಿನ್ನನ್ನು ಪ್ಯಾಕಿಂಗಿಗೆ ವಾಪಸು ಕಳಿಸಬೇಕಾಗುತ್ತದೆ" ಅಂದಳಂತೆ ಕ್ಯಾರಲ್. ಅವಳ ಮೇಲೂ ಮೇಲಿನವರಿದ್ದರು.

ಮನೆಗೆ ಬಂದ ಅಮ್ಮ ಕಾಫಿಯನ್ನೂ ಕುಡಿಯದೆ ಕೂತಳು. ಮದುವೆ ಮನೆಯಲ್ಲಿ ಹೆಣ್ಣನ್ನು ಅಳಿಸಿದ ಪಾಪ ತನಗೆ ಬಂತೆಂದು ಅವಳ ಸಂಕಟ. ಅಪ್ಪ ಕೂಡ ಅಣಕಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವಳೇ ಎದ್ದು ಆ ಸೀಡಿ ಹಾಕಿ, ಮೂರನೆಯ ಹಾಡನ್ನು ಮತ್ತೆ ಕೇಳಿದಳು.

"ಹಸ ಕರೆಯಕ್ಕೆ ಇಷ್ಟೊಂದ್ ಸಂಕ್ಟ ಯಾಕೆ ಮಗ?" ಅಂದಳು. "ಒಂದು ಹಸ ಬರ್ನಿಲ್ಲ ಅಂತ ಕಾಣುತ್ತೆ."

ಈಗ ಅನ್ನಿಸುತ್ತದೆ, ಅಷ್ಟು ಚೆನ್ನಾಗಿ ಆ ಹಾಡನ್ನು ಕೇಳಿದವರು ಅಮೆರಿಕದಲ್ಲಿ ಬೇರೆ ಯಾರೂ ಇರಲಿಲ್ಲ. ಆದರೆ ಅವತ್ತು ನನ್ನ ತಲೆಯಲ್ಲಿದ್ದದ್ದು ಅಮ್ಮನ ಕುರ್ಚಿ ಮಾತ್ರ. ಅನುಮಾನ ಬಂದೂ ಬಾಯಿ ಮುಚ್ಚಿಕೊಂಡವಳು ನಾನು. ಆ ಕುರ್ಚಿಯನ್ನು ಉಳಿಸಿಕೊಡುವುದು ನನ್ನ ಕೆಲಸ ಎಂದು ತೀರ್ಮಾನಿಸಿದೆ.

ಮುಂದಿನ ಶುಕ್ರವಾರದಿಂದ ಸೀಡಿಗಳು ಬಂದ ಕೂಡಲೇ ಅವುಗಳನ್ನು ಬ್ಯಾಗಿಗೆ ತುಂಬಿಕೊಂಡು ಲೈಬ್ರರಿಗೆ ಓಡುತ್ತಿದ್ದೆ. ಅಲ್ಲಿಯ ಕಂಪ್ಯೂಟರಿನಲ್ಲಿ ಒಂದೊಂದೇ ಹೆಸರು ಹುಡುಕಿ, ಯಾರು, ಯಾವ ಊರು, ಯಾವ ಬಗೆಯ ಹಾಡು, ಯಾತಕ್ಕೆ ಹಾಡುವುದು ಎಂದು ಹಳದಿ ಚೀಟಿಯಲ್ಲಿ ಬರೆದು ಡಬ್ಬಿಗೆ ಅಂಟಿಸುತ್ತಿದ್ದೆ. ಹುಡುಕುವುದೂ ಒಂದು ಖುಷಿಯೇ ಆಗಿತ್ತು, ಸುಳ್ಳು ಹೇಳಲಾರೆ. ಒಂದು ಹೆಸರಿನ ಬೆನ್ನು ಹತ್ತಿದರೆ ಹತ್ತು ಹೆಸರು. ಶನಿವಾರ ಅಮ್ಮನಿಗೆ ಎಲ್ಲ ಸಿದ್ಧ.

ಮೊದಮೊದಲು ಅವಳು ಜಗಳವಾಡಿದಳು. "ಇದ್ ಕುಣಿಯೋ ಹಾಡಾ? ಯಾರ್ ಹೇಳ್ದೋರು? ಕೇಳಿಲ್ಲಿ, ಅವ್ನ್ ಕಾಲ್ ನೋಯ್ತಾ ಅದೆ" ಅನ್ನುವಳು.

"ಅಮ್ಮ, ಇಟ್ ಸೇಸ್ ಡಾನ್ಸ್. ಪ್ಲೀಸ್" ಅನ್ನುತ್ತಿದ್ದೆ ನಾನು.

ಅವಳು ನನ್ನ ಮುಖ ನೋಡಿ, "ಆಯ್ತವ್ವ, ಡಾನ್ಸೇ ಬರಿ" ಅನ್ನುವಳು. ಚೀಟಿಗಳು ಸರಿಯಾದವು. ಒಂದೂ ದೂರು ಬರಲಿಲ್ಲ. ಕ್ಯಾರಲ್ 'ಪರ್ಫೆಕ್ಟ್' ಎಂದು ಬರೆದು ಕಳಿಸಿದಳು. ನಾನು ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ.

ಚಳಿ ಶುರುವಾದ ಮೇಲಿನ ಒಂದು ಶನಿವಾರ. ಅಮ್ಮ ನೆನೆಹಾಕಿದ ಅವರೆಕಾಳು ಹಿಸುಕುತ್ತ ಕೂತಿದ್ದಳು. ಪಕ್ಕದಲ್ಲಿ ಹನ್ನೆರಡು ಸೀಡಿ, ಅವುಗಳ ಮೇಲೆ ನನ್ನ ಹನ್ನೆರಡು ಹಳದಿ ಚೀಟಿ. "ನೀನ್ ಓದ್ಕಂಡ್ ಹೋಗು ಮಗ, ನಾನ್ ಹ್ಞೂಂ ಅಂತೀನಿ" ಅಂದಳು. ನಾನು ಓದಿದೆ, ಅವಳು ಹ್ಞೂಂ ಅಂದಳು. ಅರ್ಧ ಗಂಟೆಯಲ್ಲಿ ಹನ್ನೆರಡೂ ಮುಗಿದವು. ನಾನು ಹಿಗ್ಗಿ ಹೀರೇಕಾಯಿಯಾದೆ. ಸೀಡಿಗಳನ್ನು ಡಬ್ಬಿಗೆ ಸೇರಿಸಲು ಹೋಗಿ ಪ್ಲೇಯರಿನ ಮುಚ್ಚಳ ತೆಗೆದರೆ, ಒಳಗಿದ್ದದ್ದು ಹಿಂದಿನ ವಾರದ ಸೀಡಿ. ಈ ವಾರದ್ದನ್ನು ಅವಳು ಒಂದನ್ನೂ ಕೇಳಿರಲಿಲ್ಲ.

"ಅಮ್ಮ, ಯೂ ಡಿಡಂಟ್ ಲಿಸನ್?"

"ಯಾಕ್ ಕೇಳ್ಬೇಕು? ನೀನ್ ಎಲ್ಲ ಬರ್ದಿದ್ದೀಯಲ್ಲ" ಅಂದಳು. ಅವಳ ದನಿಯಲ್ಲಿ ಕೋಪವೇನೂ ಇರಲಿಲ್ಲ. ಅವರೆಬೇಳೆ ಪುಳಕ್ ಪುಳಕ್ಕೆಂದು ಬಟ್ಟಲಿಗೆ ಬೀಳುತ್ತಿತ್ತು.

ಕಂಪನಿ ಬೇಸಿಗೆಯವರೆಗೂ ನಡೆಯಿತು. ಆಮೇಲೆ ಸುತ್ತಮುತ್ತಲ ಎಷ್ಟೋ ಕಂಪನಿಗಳ ಹಾಗೆ ಅದೂ ಬಾಗಿಲು ಹಾಕಿತು. ಅದಕ್ಕೂ ಹಸುವಿಗೂ ಏನೂ ಸಂಬಂಧವಿಲ್ಲ. ಅಮ್ಮ ಬೇಕರಿಯೊಂದರಲ್ಲಿ ಬ್ರೆಡ್ಡು ಕಟ್ಟುವ ಕೆಲಸಕ್ಕೆ ಸೇರಿ, ಮತ್ತೆ ನಿಂತು ದುಡಿದಳು. ಕಂಪನಿಯ ಕೊನೆಯ ದಿನದವರೆಗೂ ಆ ಕುರ್ಚಿ ಅವಳದೇ ಆಗಿತ್ತು, ಅದನ್ನು ನಾನು ಉಳಿಸಿಕೊಟ್ಟಿದ್ದೆ. ಅದರಲ್ಲಿ ಕೂತು ಕೇಳುವವಳನ್ನು ಮಾತ್ರ ಉಳಿಸಿಕೊಳ್ಳಲಿಲ್ಲ. ಇದನ್ನು ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ.

ಈಗ ಪೆಟ್ಟಿಗೆಯಿಲ್ಲ, ಕಾಯುವುದಿಲ್ಲ. ಸ್ವೀಡನ್ನಿನಲ್ಲಿ ಬೆಳಿಗ್ಗೆ ಹೊರಬಂದ ಹಾಡು ಅವತ್ತೇ ನನ್ನ ಫೋನಿನಲ್ಲಿರುತ್ತದೆ. ಈ ಹಾಡುಗಳ ಹುಚ್ಚು ನನ್ನನ್ನು ಇನ್ನೂ ಬಿಟ್ಟಿಲ್ಲ. ಮೊನ್ನೆ ಒಬ್ಬ ಹೊಸ ಹುಡುಗಿಯ ಹಾಡು ಸಿಕ್ಕಿತು. ಅರ್ಧ ಅಳು, ಅರ್ಧ ತಮಾಷೆ. ನನಗೆ ತಡೆಯಲಾಗದೆ ಅಮ್ಮನ ಪಕ್ಕ ಕೂತು, ಅವಳ ಕಿವಿಗೆ ಇಯರ್‌ಫೋನು ಸಿಕ್ಕಿಸಿ, "ಇದು ಯಾತರ ಹಾಡಮ್ಮ, ಹೇಳು" ಅಂದೆ. ಈಗ ನಾನು ಅವಳ ಜೊತೆ ಕನ್ನಡದಲ್ಲೇ ಮಾತಾಡುತ್ತೇನೆ.

ಅಮ್ಮ ಸ್ವಲ್ಪ ಹೊತ್ತು ಕೇಳಿದಳು. ಅವಳ ಹುಬ್ಬು ಗಂಟಿಕ್ಕಿತು. ಏನೋ ಹೇಳುತ್ತಾಳೆ ಎಂದು ನಾನು ಇನ್ನಷ್ಟು ಹತ್ತಿರ ಸರಿದೆ. ಅವಳು ಇಯರ್‌ಫೋನು ತೆಗೆದು ನನ್ನ ಅಂಗೈಯಲ್ಲಿಟ್ಟಳು.

"ಫೋನಲ್ಲೇ ಬರ್ದಿರ್ತಾರಲ್ಲವ್ವ. ನೋಡ್ಕ" ಅಂದಳು.

ನೋಡಿದೆ. ಬರೆದೇ ಇತ್ತು.