ನಮ್ಮನ್ನು ದಾಟಿ ಓಡಿದ ಚಕ್ರ

ನಿಮ್ಮದೇ ಗಾಡಿಯ ಚಕ್ರ ನಿಮ್ಮನ್ನೇ ಓವರ್‌ಟೇಕ್ ಮಾಡಿಕೊಂಡು ಹೋಗುವುದನ್ನು ಎಂದಾದರೂ ನೋಡಿದ್ದೀರಾ?

ನಾನು ನೋಡಿದೆ. ಹೋದ ಶನಿವಾರ, ಮಟಮಟ ಮಧ್ಯಾಹ್ನ, ಐ-94 ಹೆದ್ದಾರಿಯಲ್ಲಿ. ನಮ್ಮ ಎಡಗಡೆ ಒಂದು ಟೈರು ಒಂಟಿಯಾಗಿ, ಯಾರ ಹಂಗೂ ಇಲ್ಲದ ಹಾಗೆ ಉರುಳಿಕೊಂಡು ಮುಂದೆ ಹೋಯಿತು. "ರೀ, ಅಲ್ಲಿ ನೋಡ್ರೀ, ಯಾರದೋ ಚಕ್ರ!" ಎಂದು ಕೈ ತೋರಿಸಿದೆ. ನಕ್ಕೆ ಕೂಡ.

ಮರುಕ್ಷಣ ಹಿಂದೆ ಧಡ್ ಎಂದು ಏನೋ ಕುಸಿಯಿತು. ಕಾರು ಎಡಕ್ಕೆ ಎಳೆಯತೊಡಗಿತು. ಕನ್ನಡಿಯಲ್ಲಿ ನೋಡಿದರೆ ರಸ್ತೆಯ ತುಂಬಾ ಕಿಡಿ. ನಮ್ಮ ಹಿಂದೆ ಕಟ್ಟಿದ್ದ ಟ್ರೇಲರ್ ಒಂದು ಕಡೆಗೆ ವಾಲಿಕೊಂಡು ಟಾರನ್ನು ಕೆರೆಯುತ್ತಾ ಬರುತ್ತಿತ್ತು.

ನನ್ನ ಗಂಡ ಸತೀಶ್ ಬ್ರೇಕ್ ಮೇಲೆ ಕಾಲು ಒತ್ತಲಿಲ್ಲ. ಆಕ್ಸಿಲರೇಟರ್ ಬಿಟ್ಟು, ಸ್ಟೀರಿಂಗ್ ಅನ್ನು ಎರಡು ಕೈಯಲ್ಲಿ ಅದುಮಿ ಹಿಡಿದು, ನಿಧಾನವಾಗಿ ರಸ್ತೆಯ ಬಲ ಅಂಚಿನ ಶೋಲ್ಡರ್‌ಗೆ ತಂದು ನಿಲ್ಲಿಸಿದರು. ದೊಡ್ಡದೊಂದು ಟ್ರಕ್ ಹಾರ್ನ್ ಬಾರಿಸುತ್ತಾ ಪಕ್ಕದಲ್ಲೇ ಹಾದು ಹೋಯಿತು. ಇಡೀ ಕಾರು ಅಲ್ಲಾಡಿತು. ನಾನೂ.

ಟ್ರೇಲರ್ ನಮ್ಮದಲ್ಲ. ಕಾರಿನ ಹಿಂದೆ ಎಳೆದುಕೊಂಡು ಹೋಗುವ ಪುಟ್ಟ ಮನೆ ಅದು. ಒಳಗೆ ಮಂಚ, ಒಲೆ, ಬಾತ್‌ರೂಮು ಎಲ್ಲ ಉಂಟು. ಸತೀಶರ ಸಹೋದ್ಯೋಗಿಯೊಬ್ಬರು ಮೂರು ದಿನದ ರಜೆಗೆ ಧಾರಾಳವಾಗಿ ಕೊಟ್ಟಿದ್ದರು. "ಓಡುವಾಗ ಒಳಗೆ ಯಾರೂ ಇರಬಾರದು" ಎಂದೂ ಹೇಳಿದ್ದರು. ಲೇಕ್ ಮಿಷಿಗನ್ ದಡದಲ್ಲಿ ಕ್ಯಾಂಪಿಂಗ್ ಮಾಡುವುದು, ಆಮೇಲೆ ಸ್ಕೋಕಿಗೆ ಹೋಗಿ ಒಂದು ರಾತ್ರಿ ಇದ್ದು ಬರುವುದು, ಇದು ನಮ್ಮ ಪ್ಲಾನ್.

ಸ್ಕೋಕಿಯಲ್ಲಿರುವವರು ರಿಯಾಜ್ ಮತ್ತು ನಸೀಮಾ. ರಿಯಾಜ್ ಹಾಸನದವರು, ಮೈಸೂರಿನಲ್ಲಿ ಸತೀಶರ ಜೊತೆ ಎಂಜಿನಿಯರಿಂಗ್ ಓದಿದವರು. ಹಿಂದಿನ ದಿನವೇ ಮಿನಿವ್ಯಾನ್ ಹತ್ತಿ ನೋವೈಗೆ, ನಮ್ಮ ಮನೆಗೆ ಬಂದಿದ್ದರು. ಬೆಳಿಗ್ಗೆ ಎರಡೂ ಗಾಡಿ ಒಟ್ಟಿಗೆ ಹೊರಟವು. ವ್ಯಾನಿನಲ್ಲಿ ವಿಡಿಯೋ ಸ್ಕ್ರೀನ್ ಇದೆಯಲ್ಲ, ಹಾಗಾಗಿ ನಮ್ಮ ಒಂಬತ್ತು ವರ್ಷದ ಶ್ರುತಿ ಅಲ್ಲಿಗೇ, ಗೆಳತಿ ಸಾರಾಳ ಪಕ್ಕಕ್ಕೆ ಓಡಿದಳು. ಮೈಸೂರಿನಿಂದ ಬಂದಿರುವ ನಮ್ಮ ಅತ್ತೆ ಕೂಡ ಸ್ವಲ್ಪ ದೂರ ನಮ್ಮ ಕಾರು, ಸ್ವಲ್ಪ ದೂರ ಆ ವ್ಯಾನು. ನಸೀಮಾ ಸಿಕ್ಕರೆ ಅವರಿಗೆ ಬೇರೆ ಯಾರೂ ಬೇಡ. ಇಬ್ಬರದೂ ಮುಗಿಯದ ಮಾತು.

ಶೋಲ್ಡರ್‌ನಲ್ಲಿ ನಿಂತ ತಕ್ಷಣ ನಾನು ನಸೀಮಾಗೆ ಫೋನ್ ಮಾಡಿದೆ. ಅವರು ನಮಗಿಂತ ಎರಡು ಮೂರು ಮೈಲಿ ಮುಂದಿದ್ದರು.

"ಟ್ರೇಲರ್ ಚಕ್ರ ಬಿದ್ದೋಯ್ತು ಕಣೇ. ನಮಗೇನೂ ಆಗಿಲ್ಲ. ನೀವು ವಾಪಸ್ ಬನ್ನಿ."

"ಯಾ ಅಲ್ಲಾ! ಅಮ್ಮ ಹೇಗಿದಾರೆ? ತುಂಬಾ ಹೆದರಿಕೊಂಡ್ರಾ?"

"ಯಾವ ಅಮ್ಮ?"

"ನಿಮ್ಮತ್ತೆ ಕಣೇ!"

"ಅವರು ನಿಮ್ಮ ಜೊತೆ ಇದಾರಲ್ಲ?"

ಆ ಕಡೆಯಿಂದ ಮಕ್ಕಳು ನೋಡುತ್ತಿದ್ದ ಕಾರ್ಟೂನಿನ ಸದ್ದು ಬಂತು. ಆಮೇಲೆ ನಸೀಮಾ ಬಹಳ ಮೆಲ್ಲಗೆ ಹೇಳಿದಳು. "ಇಲ್ಲ. ಇಲ್ಲಿಲ್ಲ."

ನಿಮಗೆ ಹೇಗೆ ಹೇಳಲಿ? ಚಕ್ರ ಹೋದದ್ದು ಆ ಕ್ಷಣಕ್ಕೆ ಮರೆತೇಹೋಯಿತು. ಜಾಕ್ಸನ್ ದಾಟಿದ ಮೇಲೆ ಒಂದು ರೆಸ್ಟ್ ಏರಿಯಾದಲ್ಲಿ ನಿಂತು ಚಿತ್ರಾನ್ನ ತಿಂದಿದ್ದೆವು. ಅಲ್ಲೇ ಬಿಟ್ಟು ಬಂದೆವಾ? ಅವರ ಹತ್ತಿರ ಫೋನಿಲ್ಲ. ಬಿಪಿ ಮಾತ್ರೆ ನನ್ನ ಬ್ಯಾಗಿನಲ್ಲಿದೆ. ನಮ್ಮ ಮನೆಯ ನಂಬರು ಅವರಿಗೆ ಬಾಯಿಗೆ ಬರುತ್ತದೋ ಇಲ್ಲವೋ! ಸತೀಶರ ಮುಖ ನೋಡಿದೆ. ಬಣ್ಣವೇ ಇರಲಿಲ್ಲ. "ನೀನು ನೋಡ್ಲಿಲ್ವಾ?" ಎಂದರು. "ನೀವು ನೋಡ್ಲಿಲ್ವಾ?" ಎಂದೆ.

ಆಗ ಕೇಳಿಸಿತು. ಟಕ್ ಟಕ್ ಟಕ್.

ಟ್ರೇಲರ್ ಒಳಗಿನಿಂದ.

ಕಾರಿನಿಂದ ಇಳಿದದ್ದು, ಓಡಿದ್ದು ಯಾವುದೂ ನನಗೆ ನೆನಪಿಲ್ಲ. ಬಾಗಿಲ ಮುಂದೆ ನಿಂತು ಇಬ್ಬರೂ ಎಳೆಯುತ್ತಿದ್ದೆವು. ಬಾಗಿಲು ಬರಲಿಲ್ಲ. ಚೌಕಟ್ಟು ಸೊಟ್ಟಗಾಗಿ ಕಚ್ಚಿಕೊಂಡಿತ್ತು. "ಅಮ್ಮಾ! ಅಮ್ಮಾ!" ಎಂದು ಸತೀಶ್ ಕೂಗುತ್ತಿದ್ದರು. ಅವರ ಗಂಟಲಿನಿಂದ ಅಂಥ ದನಿ ನಾನು ಕೇಳಿದ್ದು ಅದೇ ಮೊದಲು. ಡಿಕ್ಕಿಯಿಂದ ವೀಲ್ ಸ್ಪ್ಯಾನರ್ ತಂದು ಸಂದಿಗೆ ತೂರಿಸಿ ಮೀಟಿದರು. ಮೂರನೆಯ ಏಟಿಗೆ ಬಾಗಿಲು ಕಿತ್ತುಕೊಂಡು ಬಂತು.

ಅತ್ತೆ ನೆಲದ ಮೇಲೆ ಕೂತಿದ್ದರು. ಮಂಚದ ಕಾಲನ್ನು ಬಲಗೈಯಲ್ಲಿ ತಬ್ಬಿಕೊಂಡಿದ್ದರು. ಸುತ್ತ ಅಕ್ಕಿ, ಒಡೆದ ಉಪ್ಪಿನಕಾಯಿ ಬಾಟಲಿ, ಸೀರೆಯ ಮೇಲೆಲ್ಲ ಎಣ್ಣೆ. ಕೆಂಪು ನೋಡಿ ನನ್ನ ಜೀವವೇ ಹೋಯಿತು. (ಉಪ್ಪಿನಕಾಯಿಯ ಖಾರ ಎಂದು ಗೊತ್ತಾದದ್ದು ಹತ್ತಿರ ಹೋದಾಗ.)

"ಮೊದಲು ಕುಕ್ಕರ್ ಬಿತ್ತು ಕಣಪ್ಪಾ. ಆಮೇಲೆ ನಾನು ಬಿದ್ದೆ" ಎಂದರು ಮಗನಿಗೆ.

ಸತೀಶ್ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಅಳತೊಡಗಿದರು.

ನಡೆದದ್ದು ಇಷ್ಟು. ರೆಸ್ಟ್ ಏರಿಯಾದಲ್ಲಿ ಮಂಡಿ ನೋವು ಹೆಚ್ಚಾಗಿ, ಐದು ನಿಮಿಷ ಕಾಲು ಚಾಚೋಣ ಎಂದು ಅತ್ತೆ ಟ್ರೇಲರ್ ಹತ್ತಿದ್ದಾರೆ. ಹೊರಗೆ ಗಂಡಸರ ಓಡಾಟ ಎಂದು ಚಿಲಕ ಹಾಕಿದ್ದಾರೆ. ಜೋಂಪು ಹತ್ತಿದೆ. ಎಚ್ಚರವಾದಾಗ ಮನೆ ಓಡುತ್ತಿತ್ತು. ಅಷ್ಟು ದೂರವೂ ಗೋಡೆ ಬಡಿದಿದ್ದಾರೆ, ಕೂಗಿದ್ದಾರೆ. ನಾವು ಮುಂದೆ ಏಸಿ ಹಾಕಿಕೊಂಡು ಕ್ಯಾಸೆಟ್ ಕೇಳುತ್ತಿದ್ದೆವು. ನಿಂತರೆ ಬೀಳುತ್ತೇನೆ ಎಂದು ಕೊನೆಗೆ ನೆಲಕ್ಕೆ ಕೂತಿದ್ದಾರೆ. ಹಾಗೆ ಕೂತದ್ದೇ ಅವರನ್ನು ಉಳಿಸಿತು.

ಪೊಲೀಸ್ ಬಂದ. "ವಾಸ್ ಸಂಬಡಿ ಇನ್ ದೇರ್?" ಎಂದು ಕೇಳಿದ. ಅತ್ತೆಯ ಸೀರೆ ನೋಡಿ ಅವನಿಗೇ ಅರ್ಥವಾಯಿತು. ತಲೆಯ ಮೇಲಿನ ಹ್ಯಾಟ್ ತೆಗೆದು, ಮತ್ತೆ ಹಾಕಿಕೊಂಡ. ಆಂಬುಲೆನ್ಸ್ ಕರೆಸಿದ.

ಅಷ್ಟರಲ್ಲಿ ವ್ಯಾನೂ ವಾಪಸ್ ಬಂತು. ನಸೀಮಾ ಓಡಿ ಬಂದು ಅತ್ತೆಯ ಕಾಲ ಹತ್ತಿರ ಕೂತಳು. ರಿಯಾಜ್ ಟ್ರೇಲರ್ ಸುತ್ತ ಒಂದು ಸಲ ಬಗ್ಗಿ ನೋಡಿ, ಸತೀಶರ ಕಡೆ ತಿರುಗಿದರು.

"ನಟ್ಟು ಟೈಟ್ ಮಾಡ್ದೆ ತಾನೇ? ರೆಸ್ಟ್ ಏರಿಯಾದಲ್ಲಿ?"

"ನೀನು ಮಾಡ್ತಿದೀಯ ಅಂದ್ಕೊಂಡೆ ಕಣೋ."

ಬೆಳಿಗ್ಗೆ ಆ ಚಕ್ರಕ್ಕೆ ಹೊಸ ಟೈರು ಹಾಕಿದವರು ಇವರಿಬ್ಬರೇ. ಐವತ್ತು ಮೈಲಿ ಓಡಿದ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಬೇಕು ಎಂದು ಇಬ್ಬರಿಗೂ ಗೊತ್ತಿತ್ತು. (ಒಬ್ಬರು ಕಾರ್ ಕಂಪನಿಯಲ್ಲಿ ಬ್ರೇಕ್ ಡಿಸೈನ್ ಮಾಡುವವರು, ಇನ್ನೊಬ್ಬರು ಫ್ಯಾಕ್ಟರಿಯ ಸೇಫ್ಟಿ ಮ್ಯಾನೇಜರ್. ನಾನೇನೂ ಹೇಳುವುದಿಲ್ಲ.)

ಕಲಮಜೂ ಊರಿನ ಎಮರ್ಜೆನ್ಸಿಯಲ್ಲಿ ಎಕ್ಸ್‌ರೇ ತೆಗೆದರು. ಮೂಳೆ ಮುರಿದಿರಲಿಲ್ಲ. ಎಡ ಮಣಿಕಟ್ಟು ಉಳುಕಿತ್ತು, ಸೊಂಟದ ಮೇಲೆ ಅಂಗೈಯಗಲ ಕಪ್ಪು ಕಲೆ. ಟ್ರೇಲರನ್ನು ಟೋ ಟ್ರಕ್ ಎಳೆದುಕೊಂಡು ಹೋಯಿತು. ನಾವು ವಾಪಸ್ ನೋವೈಗೆ ಬಂದೆವು. ಅತ್ತೆ ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಈ ವಾರವಿಡೀ ನನ್ನ ತಲೆಯಲ್ಲಿ ಒಂದೇ ವಿಷಯ. ಹೊರಡುವ ಮುಂಚೆ ನಾವು ಏನೆಲ್ಲ ಚೆಕ್ ಮಾಡಿದ್ದೆವು! ಮ್ಯಾಪಿನ ಪ್ರಿಂಟ್‌ಔಟ್, ಸನ್‌ಸ್ಕ್ರೀನ್, ಸೊಳ್ಳೆ ಸ್ಪ್ರೇ, ಕ್ಯಾಮೆರಾ ಬ್ಯಾಟರಿ. ನಸೀಮಾ ಎರಡು ಸಲ ಇಳಿದು ಬಂದು ಕೆಚಪ್ ಇದೆಯಾ ಎಂದು ಕೇಳಿದ್ದಳು. ಜನ ಇದ್ದಾರಾ ಎಂದು ಮಾತ್ರ ಯಾರೂ ಕೇಳಲಿಲ್ಲ.

ಯಾಕೆ ಕೇಳಲಿಲ್ಲ? ಯೋಚಿಸಿದಷ್ಟೂ ಮೈ ಜುಮ್ಮೆನ್ನುತ್ತದೆ. ದೇವಸ್ಥಾನವಿರಲಿ, ಮಾಲ್ ಇರಲಿ, ಕಾರು ಸ್ಟಾರ್ಟ್ ಆಗುವ ಮುಂಚೆ "ಎಲ್ರೂ ಹತ್ತಿದ್ರಾ?" ಎಂದು ಕೇಳುವ ಕೆಲಸ ನಮ್ಮ ಮನೆಯಲ್ಲಿ ಅತ್ತೆಯದು. ನಮಗೆ ಅದು ಕೇಳಿ ಕೇಳಿ ಬೇಜಾರು. ಆ ದಿನ ಕೇಳುವವರೇ ಕಾರು ಹತ್ತಿರಲಿಲ್ಲ. ಕೇಳಲಿಲ್ಲವೆಂದು ನಮಗೆ ಗೊತ್ತಾಗಲೂ ಇಲ್ಲ.

ನಿನ್ನೆ ಊಟದ ಹೊತ್ತಿಗೆ ಇದನ್ನೇ ಹೇಳುತ್ತಾ ಕೂತಿದ್ದೆ. ಪಲ್ಯ ಕಲಸುತ್ತಿದ್ದ ಶ್ರುತಿ ತಲೆ ಎತ್ತಿ ಕೇಳಿದಳು:

"ಬಟ್ ಮಾಮ್, ಹೌ ಡಿಡ್ ಯು ನೋ ಐ ವಾಸ್ ಇನ್ ದ ವ್ಯಾನ್?"