ಫ್ರೀಜರಿಗೆ ಹೋಗಿ ಬಂದ ಲಸಿಕೆ

ವಿಜಯನಗರದ ಆ ಮಕ್ಕಳ ಕ್ಲಿನಿಕ್ಕಿನಲ್ಲಿ ನನ್ನ ಕೈಗುಣಕ್ಕೆ ಭಾರೀ ಹೆಸರಿತ್ತು. "ಈ ಸಿಸ್ಟರ್ ಸೂಜಿ ಹಾಕಿದ್ರೆ ಮಗು ಕುಂಯ್ ಅನ್ನಲ್ಲ" ಅನ್ನೋರು ತಾಯಂದಿರು. ನಾನೂ ಉಬ್ಬಿಹೋಗಿದ್ದೆ. ಇಪ್ಪತ್ಮೂರರ ವಯಸ್ಸು, ತಲೆ ನಿಲ್ಲುತ್ತಾ?

ಎರಡು ಸಾವಿರದ ಇಸವಿಯ ಆಚೀಚಿನ ಬೇಸಿಗೆ. ಕರೆಂಟು ಹೋದರೆ ಪತ್ತೆಯೇ ಇಲ್ಲ. ಒಂದು ಮಧ್ಯಾಹ್ನ ಹಾಗೆ ಹೋದಾಗ, ಹೆಪಟೈಟಿಸ್ ಬಿ ಲಸಿಕೆ ಕೆಡದಿರಲಿ ಅಂತ ಡಬ್ಬಿಯನ್ನೇ ಫ್ರೀಜರಿಗೆ ಸೇರಿಸಿದೆ. ಮನೇಲಿ ಹಾಲಿನ ಪ್ಯಾಕೆಟ್ಟಿಗೆ ಅಮ್ಮ ಮಾಡುತ್ತಿದ್ದದ್ದೂ ಅದೇ. ಸಂಜೆ ಕರೆಂಟು ಬಂತು. ಮಾರನೇ ಬೆಳಿಗ್ಗೆ ಡಬ್ಬಿಯನ್ನು ಫ್ರಿಜ್ಜಿನ ಕೆಳಗಿನ ಅರೆಗೆ ಇಳಿಸಿದೆ, ಮರೆತೆ.

ಅವತ್ತೇ ಲಗ್ಗೆರೆಯಲ್ಲಿದ್ದ ಬಿಜಾಪುರ ಕಡೆಯ ತಾಯಿಯೊಬ್ಬರು ಕೂಸನ್ನೆತ್ತಿಕೊಂಡು ಬಂದರು. ಅವರ ರಕ್ತದಲ್ಲೇ ಆ ವೈರಸ್ಸು ಇತ್ತು. ಅದು ಮಗುವಿಗೆ ಅಂಟಬಾರದು, ಅದೊಂದೇ ಅವರ ಚಿಂತೆ. ಅದೇ ಡಬ್ಬಿಯ ಬಾಟಲಿ ತೆಗೆದು, ಸರಿಯಾಗಿ ನೋಡದೇ, ಎರಡನೇ ಡೋಸ್ ನಾನೇ ಹಾಕಿದೆ. ಅವರು ನನ್ನ ಕೆನ್ನೆ ಸವರಿ, ದೃಷ್ಟಿ ತೆಗೆದು, ನೆಟಿಗೆ ಮುರಿದು ಹೋದರು.

ಮರುದಿನ ಅದೇ ಡಬ್ಬಿಯಿಂದ ಇನ್ನೊಂದು ಬಾಟಲಿ ತೆಗೆದರೆ ಒಳಗೆ ಒಡೆದ ಹಾಲಿನ ಥರ ಬಿಳೀ ಚೂರು. ಅಲುಗಾಡಿಸಿದೆ. ಚೂರೆಲ್ಲ ತಳಕ್ಕಿಳಿದು ಮೇಲೆ ತಿಳಿನೀರು ನಿಂತಿತು. ಬೇರೆ ಡಬ್ಬಿಯದ್ದು ಮಾತ್ರ ಎಷ್ಟು ಹೊತ್ತಾದರೂ ಮಜ್ಜಿಗೆಯಂತೇ ಇತ್ತು. ಎರಡನ್ನೂ ಹಿಡಿದು ಡಾಕ್ಟರ್ ಮೇಡಂ ಹತ್ತಿರ ಓಡಿದೆ. "ಈ ಬಿಳೀದು ಏನು ಮೇಡಂ?"

"ಅಲ್ಯೂಮಿನಿಯಂ ಉಪ್ಪು ಕಣೇ. ಕ್ಷೌರದಂಗಡಿ ಪಟಿಕದ ಸಂಬಂಧಿ."

ಪಟಿಕ! ಲಸಿಕೆಯಲ್ಲಿ! "ಅದ್ಯಾಕೆ ಬೇಕು?"

"ಲಸಿಕೆಯಲ್ಲಿರೋ ವೈರಸ್ಸಿನ ತುಣುಕು ಬಲು ಸಾಧು. ಒಂದೇ ಬಂದ್ರೆ ಮೈ ಕ್ಯಾರೇ ಅನ್ನಲ್ಲ. ಈ ಉಪ್ಪು ಮೈಯ ಕಾವಲಿನವರನ್ನ ಕೆಣಕುತ್ತೆ. ಅವರು ಎದ್ದು ಬಂದು ತುಣುಕನ್ನ ನೋಡಿ ಗುರುತಿಟ್ಕೋತಾರೆ. ಇದಕ್ಕಿಂತ ಚುರುಕಾಗಿ ಕೆಣಕೋ ಅಣುಗಳನ್ನೂ ಹುಡುಕ್ತಿದಾರೆ, ಬ್ಯಾಕ್ಟೀರಿಯಾದಿಂದ ತೆಗೆದು ವಿಷ ಕಳೆದದ್ದು."

ರೋಗಾಣುವಿನಿಂದಲೇ ಔಷಧಿಗೆ ಬಲ! ನನಗೆ ಕೇಳಿದಷ್ಟೂ ಸಾಲದು. ಅಷ್ಟರಲ್ಲಿ ಮೇಡಂ ಅಂದರು, "ಹೆಪ್ಪುಗಟ್ಟಿದ್ರೆ ಉಪ್ಪು ಗಂಟಾಗಿ ಲಸಿಕೆ ಕೆಲಸಕ್ಕೆ ಬರಲ್ಲ. ಅದಿರ್ಲಿ, ಇದು ಫ್ರೀಜ್ ಆಗಿದ್ದು ಹೇಗೆ?"

ಫ್ರೀಜರಿಗೆ ಸೇರಿಸಿದ್ದು ಆಗ ನೆನಪಾಯಿತು. ಗೊತ್ತಿಲ್ಲ ಅಂದುಬಿಡಬಹುದಿತ್ತು, ಯಾರೂ ನೋಡಿರಲಿಲ್ಲ. ಆದರೆ ಆ ಡಬ್ಬಿಯಿಂದ ಖರ್ಚಾಗಿದ್ದು ಒಂದೇ ಬಾಟಲಿ, ಹೋಗಿದ್ದು ಆ ಮಗುವಿನ ತೊಡೆಗೆ. ಹೇಳಿದೆ. "ಓದಿದೋಳೇನೇ ನೀನು?" ಅಂತ ಬೈದು, ಮೇಡಂ ನನ್ನನ್ನೇ ಲಗ್ಗೆರೆಗೆ ಅಟ್ಟಿದರು.

ವಠಾರದ ಬಾಗಿಲಲ್ಲೇ ಆ ತಾಯಿ ನಕ್ಕರು. "ನಿಮ್ಮ ಕೈಗುಣ ಭಾರಿ ಐತ್ರಿ ಅಕ್ಕಾರ! ಹೋದ ಸಲ ತೊಡಿ ಬಾತಿತ್ತು, ಈ ಸಲ ಏನೂ ಇಲ್ಲ ನೋಡ್ರಿ!"

ಊತ ನೋಡಿ ಲಸಿಕೆ ಹಿಡಿಯಿತೋ ಇಲ್ಲವೋ ಹೇಳಕ್ಕಾಗಲ್ಲ ಅಂತ ಮೇಡಂ ಹೇಳಿಯೇ ಕಳಿಸಿದ್ದರು. ಆದರೂ ಆ ಹೊಗಳಿಕೆ ಕಪಾಳಕ್ಕೆ ಬಾರಿಸಿದಂಗಾಯ್ತು. ತಡವರಿಸುತ್ತಲೇ ಎಲ್ಲ ಹೇಳಿದೆ.

ಅವರ ಮುಖ ಇಳಿಯಿತು. "ಹಂಗಾರ ನಿನ್ನಿ ನನ್ನ ಕೂಸಿಗೆ ನೀರು ಚುಚ್ಚಿದ್ರೇನ್ರಿ?"

"ಹೆಚ್ಚು ಕಮ್ಮಿ ಹಾಗೇ."

ಮತ್ತೆ ಹಾಕಿಸಬೇಕು ಅಂತ ಇಬ್ಬರನ್ನೂ ಬಸ್ಸಿನಲ್ಲಿ ಕರೆತಂದೆ. ಕ್ಲಿನಿಕ್ಕಿನಲ್ಲಿ ಮೇಡಂ ತಾವೇ ಸಿರಿಂಜ್ ಎತ್ತಿಕೊಂಡಾಗ ಆ ತಾಯಿ ತಡೆದರು. "ಬ್ಯಾಡ್ರಿ, ಅವ್ರೇ ಹಾಕ್ಲಿ. ಮುಚ್ಚಿಡಬಹುದಿತ್ತು, ಮನಿತನಕ ಬಂದು ಹೇಳ್ಯಾರ." ಆಮೇಲೆ ನನ್ನ ಕಡೆ ತಿರುಗಿ, "ಆದ್ರ ಮೊದ್ಲು ಈ ಬಾಟ್ಲಿ ಅಲುಗಾಡಿಸಿ ತೋರಸ್ರಿ" ಅಂದರು.

ಕಿಟಕಿಯ ಬೆಳಕಿಗೆ ಬಾಟಲಿ ಹಿಡಿದು ಇಬ್ಬರೂ ಬಹಳ ಹೊತ್ತು ನೋಡಿದೆವು. ತಳಕ್ಕೆ ಏನೂ ಇಳಿಯಲಿಲ್ಲ. ಸೂಜಿ ಹಾಕಿದೆ. ಮಗು ಕ್ಲಿನಿಕ್ ಹಾರಿಹೋಗುವಂತೆ ಕಿರುಚಿತು. ಅವತ್ತು ಅವರು ನೆಟಿಗೆ ಮುರಿಯಲಿಲ್ಲ.

ಮಗುವಿಗೆ ವರ್ಷ ತುಂಬುವ ಹೊತ್ತಿಗೆ ರಕ್ತಪರೀಕ್ಷೆ ಆಯಿತು. ಸೋಂಕಿಲ್ಲ, ರಕ್ಷಣೆ ಇದೆ ಅಂತ ಮೇಡಂ ಓದಿ ಹೇಳಿದರು. ಆ ತಾಯಿ ಮಗುವನ್ನು ಮೇಡಂ ಮೇಜಿನ ಮೇಲೇ ಕೂರಿಸಿ ಸೀದಾ ನನ್ನ ಹತ್ತಿರ ಬಂದರು. ಎರಡೂ ಕೈಯಿಂದ ನನ್ನ ಕೆನ್ನೆ ಸವರಿ ನೆಟಿಗೆ ಮುರಿದರು. ಹತ್ತೂ ಬೆರಳು ಲಟಲಟ ಅಂದವು. ನಾನು ಮೇಡಂ ಎದುರಿಗೇ ಗೊಳೋ ಅಂತ ಅತ್ತೆ.